ಹಳೆ ಡೀಸೆಲ್ ಇಂಜಿನ್ ರಿಪೇರಿ ಮಾಡಿಸೋದಾ, ಹೊಸದು ತರೋದಾ? ಹೊಳೆ ದಂಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಅಫಜಲಪುರ, ಜೇವರ್ಗಿ, ಚಿತ್ತಾಪುರ, ಯಾದಗಿರಿ, ಶಹಾಪುರ ಕಡೆ ಭೀಮಾ ದಂಡೆಯ ಎಷ್ಟೋ ಹೊಲಗಳಿಗೆ ಇವತ್ತಿಗೂ ಡೀಸೆಲ್ ಇಂಜಿನ್ನೇ ನೀರೆತ್ತುತ್ತದೆ. ಬೀದರ್ ಕಡೆ ಮಾಂಜ್ರಾ ದಂಡೆಯಲ್ಲೂ ಹೀಗೆಯೇ. ಇಂಜಿನ್ ಕೈಕೊಟ್ಟ ದಿನ ಮನೆಯಲ್ಲಿ ಒಂದೇ ಚರ್ಚೆ. ಒಬ್ಬರು ರಿಪೇರಿ ಮಾಡಿಸೋಣ ಅಂತಾರೆ, ಇನ್ನೊಬ್ಬರು ಸಾಕು, ಹೊಸದು ತರೋಣ ಅಂತಾರೆ. ಈ ನಿರ್ಧಾರ ಸುಮ್ನೆ ಬೇಸರದಲ್ಲಿ ಆಗಬಾರದು ಅನ್ನುವುದು ನನ್ನ ಕಳಕಳಿ. ಅದಕ್ಕೇ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿರುವುದು ನೀರೆತ್ತಲು ಬಳಸುವ, ಒಂದೇ ಸಿಲಿಂಡರಿನ, 5ರಿಂದ 10 ಎಚ್‌ಪಿ ಇಂಜಿನ್‌ಗಳ ಮಾತು.

ನಮ್ಮ ಇಂಜಿನ್‌ಗೆ ಇಪ್ಪತ್ತು ವರ್ಷ ದಾಟಿದೆ. ಇನ್ನು ಬಿಟ್ಟುಬಿಡುವುದೇ ಒಳ್ಳೆಯದಾ?

ವರ್ಷ ನೋಡಬೇಡಿ, ಓಡಿದ ಗಂಟೆ ನೋಡಿ. ತೊಗರಿ ಹೂ ಬಿಡುವಾಗ ಎರಡು ಸಲ, ಜೋಳಕ್ಕೆ ಒಂದು ಸಲ ನೀರು ಕೊಡುವ ಮನೆಯಲ್ಲಿ ಇಂಜಿನ್ ವರ್ಷಕ್ಕೆ 150–200 ಗಂಟೆ ಓಡೀತು. ಕಬ್ಬು, ಬಾಳೆ ಇದ್ದವರ ಮನೆಯಲ್ಲಿ ಅದೇ ಇಂಜಿನ್ 1000 ಗಂಟೆ ದಾಟುತ್ತದೆ. ಇಬ್ಬರ ಇಂಜಿನ್ನಿಗೂ ಇಪ್ಪತ್ತು ವರ್ಷವೇ. ಆದರೆ ಮೊದಲನೆಯದು 4000 ಗಂಟೆ ಓಡಿದೆ, ಎರಡನೆಯದು 20,000. ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಮೊದಲನೆಯದಕ್ಕೆ ಇನ್ನೂ ಒಳ್ಳೆ ಆಯಸ್ಸಿದೆ.

ಹಾಗಾದರೆ ನಿರ್ಧಾರ ಯಾವುದರ ಮೇಲೆ ನಿಂತಿದೆ?

ನಾಲ್ಕು ವಿಷಯಗಳ ಮೇಲೆ. ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡ, ಹೇಗಿದೆ? ಬ್ಲಾಕ್, ಅಂದರೆ ಇಂಜಿನ್ನಿನ ಎರಕದ ಮೈ, ಗಟ್ಟಿ ಇದೆಯಾ? ಸ್ಪೇರ್ ನಿಮ್ಮ ತಾಲೂಕಿನಲ್ಲೇ ಸಿಗುತ್ತದೆಯಾ? ನೀವು ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ? ಮಿಕ್ಕಿದ್ದೆಲ್ಲ, ಅಂದರೆ ಪಿಸ್ಟನ್, ಅದು ಓಡಾಡುವ ಒಳಕೊಳವೆಯಾದ ಲೈನರ್, ರಿಂಗ್, ವಾಲ್ವ್, ಡೀಸೆಲ್ ಸಿಂಪಡಿಸುವ ನೋಜಲ್, ಬೇರಿಂಗ್, ಸವೆಯಲಿ ಅಂತಲೇ ಮಾಡಿದ ಭಾಗಗಳು. ಅವು ಸವೆದವು ಅಂತ ಇಂಜಿನ್ ಎಸೆಯಬಾರದು. ಕ್ರ್ಯಾಂಕ್ ಮತ್ತು ಬ್ಲಾಕ್ ಚೆನ್ನಾಗಿದ್ದರೆ ಹಳೆ ಇಂಜಿನ್ ರಿಪೇರಿಗೆ ಯೋಗ್ಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವೆರಡರಲ್ಲಿ ಒಂದು ಹೋಗಿದ್ದರೂ ಲೆಕ್ಕ ಬದಲಾಗುತ್ತದೆ.

ಅದಕ್ಕೇ ಇಂಜಿನ್ ಬಿಚ್ಚಿ ಅಳೆಯುವ ಮೊದಲು ‘ಹೊಸದು’ ಅಂತ ಮಾತು ಕೊಡಬೇಡಿ. ‘ರಿಪೇರಿ’ ಅಂತಲೂ ಕೊಡಬೇಡಿ.

ಮೊದಲಿನ ಹಾಗೆ ನೀರು ಬರುತ್ತಿಲ್ಲ. ಇಂಜಿನ್ ಸೋತಿದೆ ಅಲ್ವಾ?

ಎಷ್ಟೋ ಸಲ ಇಂಜಿನ್ನಿನ ತಪ್ಪೇ ಇರುವುದಿಲ್ಲ. ಇಂಜಿನ್ ಮೈಮೇಲೆ ಕೈ ಹಾಕುವ ಮೊದಲು ನೀರಿನ ದಾರಿ ಪೂರ್ತಿ ನೋಡಿ.

ಮೊದಲು ಫುಟ್‌ವಾಲ್ವ್, ಅಂದರೆ ನೀರಿನೊಳಗೆ ಪೈಪಿನ ತುದಿಯಲ್ಲಿರುವ ಕವಾಟ. ಹೊಳೆಯ ಕಸ, ಪಾಚಿ, ಪ್ಲಾಸ್ಟಿಕ್ ಜಾಲರಿಗೆ ಸುತ್ತಿಕೊಂಡಿರುತ್ತದೆ. ಜೊತೆಗೆ, ಅಗ್ಗದ ಫುಟ್‌ವಾಲ್ವ್‌ನಲ್ಲಿ ನೀರು ಹೋಗುವ ದಾರಿಯೇ ಇಕ್ಕಟ್ಟು. ಐಎಸ್‌ಐ ಗುರುತಿನ, ಅಗಲ ಬಾಯಿಯ ಫುಟ್‌ವಾಲ್ವ್ ಹಾಕಿದ ದಿನದಿಂದಲೇ ನೀರು ಜಾಸ್ತಿ ಆಗುವುದನ್ನು ನೋಡಬಹುದು.

ಆಮೇಲೆ ಸಕ್ಷನ್, ಅಂದರೆ ಪಂಪ್ ನೀರು ಎಳೆಯುವ ಬದಿ. ಸೆಂಟ್ರಿಫ್ಯೂಗಲ್ ಪಂಪ್ ನೀರನ್ನು 6 ಮೀಟರಿಗಿಂತ ಕೆಳಗಿನಿಂದ ಎಳೆಯಬೇಕಾದರೆ ಒದ್ದಾಡುತ್ತದೆ. ಮಾಘ ಕಳೆದ ಮೇಲೆ ಭೀಮಾ ಇಳಿಯುತ್ತದೆ. ಇಂಜಿನ್ ಮಾತ್ರ ಮಳೆಗಾಲದಲ್ಲಿ ಕೂತ ಜಾಗದಲ್ಲೇ, ದಂಡೆಯ ಮೇಲೆ ಇರುತ್ತದೆ. ನೀರು ಹಿಂದೆ ಸರಿದಂತೆ ಇಂಜಿನ್ನನ್ನೂ ಕೆಳಗೆ ಇಳಿಸಬೇಕು. ಟ್ರಾಲಿ ಮೇಲೆ ಕೂರಿಸಿಕೊಂಡವರಿಗೆ ಇದು ಸುಲಭ.

ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದ್ದರೂ ನೀರು ಕಡಿಮೆಯಾಗುತ್ತದೆ. ಪಂಪಿನ ಶಾಫ್ಟ್ ಸುತ್ತ ತುಂಬುವ ಗ್ಲ್ಯಾಂಡ್ ಡೋರಿ ಒಣಗಿ ಸವೆದಿದ್ದರೆ ಅಲ್ಲಿಂದಲೂ ಗಾಳಿ ಒಳಗೆ ಹೋಗುತ್ತದೆ. ಕೊನೆಗೆ ಪಂಪ್ ಬಿಚ್ಚಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ನೋಡಿ. ಪ್ರವಾಹದ ಮರಳು ನೀರು ಎಳೆದ ಇಂಪೆಲ್ಲರಿನ ಅಂಚು ಬ್ಲೇಡಿನಷ್ಟು ತೆಳುವಾಗಿರುತ್ತದೆ. ಪಟ್ಟಾ ಇಂಜಿನ್ ಆಗಿದ್ದರೆ ಪಟ್ಟಾ ಜಾರುತ್ತಿದೆಯಾ ಅಂತಲೂ ನೋಡಿ.

ಇಷ್ಟೆಲ್ಲ ಸರಿ ಇದ್ದು, ಲೋಡ್ ಬಿದ್ದಾಗ ಇಂಜಿನ್ನಿನ ಸುತ್ತು ಇಳಿಯುತ್ತಿದ್ದರೆ ಆಗ ಇಂಜಿನ್ ಕಡೆ ತಿರುಗಿ.

ನೀರು ಜಾಸ್ತಿ ಬರಲಿ ಅಂತ ಮಿಸ್ತ್ರಿ ಇಂಜಿನ್ನಿನ ಸುತ್ತು ಹಿಡಿದಿಡುವ ಗವರ್ನರ್ ಬಿಗಿ ಮಾಡಿದ್ದಾರೆ. ತಪ್ಪಾ?

ತಪ್ಪು. ಪಂಪಿನ ಸುತ್ತು ಹತ್ತರಲ್ಲಿ ಒಂದು ಪಾಲು ಏರಿಸಿದರೆ ಅದಕ್ಕೆ ಬೇಕಾಗುವ ಶಕ್ತಿ ಮೂರರಲ್ಲಿ ಒಂದು ಪಾಲು ಏರುತ್ತದೆ. 1500 ಸುತ್ತಿನ ಇಂಜಿನ್ನನ್ನು 1650ಕ್ಕೆ ಓಡಿಸಿದರೆ 4 ಎಚ್‌ಪಿ ಕೇಳುತ್ತಿದ್ದ ಪಂಪ್ 5.3 ಎಚ್‌ಪಿ ಕೇಳುತ್ತದೆ. ಅಷ್ಟು ಶಕ್ತಿಯನ್ನು 5 ಎಚ್‌ಪಿ ಇಂಜಿನ್ ಎಲ್ಲಿಂದ ತರಬೇಕು? ಕರಿ ಹೊಗೆ ಕಾರುತ್ತದೆ, ಬಿಸಿಯಾಗುತ್ತದೆ, ಬೇರಿಂಗ್ ಕಳೆದುಕೊಳ್ಳುತ್ತದೆ. ಇಂಥ ಇಂಜಿನ್ ಬೇಗ ಮುದಿಯಾಗುತ್ತದೆ. ಮೊದಲಿನ ಸುತ್ತಿಗೆ ವಾಪಸ್ ತನ್ನಿ.

ಹೊಗೆಯ ಬಣ್ಣ ನೋಡಿ ಏನು ಹೇಳಬಹುದು?

ಸಾಕಷ್ಟು ಹೇಳಬಹುದು. ಆದರೆ ಇಂಜಿನ್ ಬಿಸಿಯಾದ ಮೇಲೆ ನೋಡಿ. ಚಳಿಗಾಲದ ಬೆಳಿಗ್ಗೆ ಶುರುವಿನ ಹೊಗೆಗೆ ಅರ್ಥ ಹುಡುಕಬೇಡಿ.

ಕರಿ ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರಿನಲ್ಲಿ ಎರೆ ಹೊಲದ ಧೂಳು ತುಂಬಿರಬಹುದು, ನೋಜಲ್ ಸರಿಯಾಗಿ ಸಿಂಪಡಿಸದೆ ಸೋರುತ್ತಿರಬಹುದು, ಲೋಡ್ ಮೀರಿರಬಹುದು. ಇವೆಲ್ಲ ಸಣ್ಣ ಖರ್ಚಿನ ಕೆಲಸಗಳು. ಕರಿ ಹೊಗೆ ನೋಡಿ ಇಂಜಿನ್ ಮಾರಬೇಡಿ.

ನೀಲಿ ಹೊಗೆ ಅಂದರೆ ಇಂಜಿನ್ ಎಣ್ಣೆ ಸುಡುತ್ತಿದೆ. ರಿಂಗ್, ಲೈನರ್ ಅಥವಾ ವಾಲ್ವ್ ಗೈಡ್ ಸವೆದಿದೆ. ಇದಕ್ಕೆ ಇಂಜಿನ್ ಬಿಚ್ಚಲೇಬೇಕು.

ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಕಡಿಮೆ, ಡೀಸೆಲ್ ಸಿಂಪಡಿಸುವ ಟೈಮಿಂಗ್ ತಪ್ಪಿದೆ, ಇಲ್ಲವೇ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಎಣ್ಣೆಗೂ ಸೇರಿದೆ. ಆ ಇಂಜಿನ್ನನ್ನು ಅಲ್ಲೇ ನಿಲ್ಲಿಸಿ. ಇನ್ನೊಂದು ಮಡಿಗೆ ನೀರು ಬಿಟ್ಟು ನಿಲ್ಲಿಸುತ್ತೇನೆ ಅಂದರೆ ಬೇರಿಂಗ್ ಹೋಗುತ್ತದೆ, ಅದರ ಹಿಂದೆಯೇ ಕ್ರ್ಯಾಂಕ್ ಹೋಗುತ್ತದೆ.

ಕಂಪ್ರೆಷನ್ ಇದೆಯಾ ಇಲ್ವಾ ಅಂತ ನಾನೇ ನೋಡಬಹುದಾ?

ನೋಡಬಹುದು. ಡೀಸೆಲ್ ಬಂದ್ ಮಾಡಿ. ಡೀಕಂಪ್ರೆಷನ್ ಲಿವರ್ ಎತ್ತದೆ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲ್ ಸುತ್ತಿ ಹಿಡಿಯಬೇಡಿ. ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಒಳ್ಳೆ ಇಂಜಿನ್ ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯುತ್ತದೆ, ಕೈ ಸಡಿಲ ಮಾಡಿದರೆ ಹಿಂದಕ್ಕೆ ತಳ್ಳುತ್ತದೆ. ಸೋತ ಇಂಜಿನ್ ‘ಸುಸ್’ ಅಂತ ದಾಟಿಬಿಡುತ್ತದೆ.

ಸೋತಿದ್ದರೆ ನೋಜಲ್ ಹಿಡಿದಿರುವ ಇಂಜೆಕ್ಟರ್ ಬಿಚ್ಚಿ ಆ ತೂತಿನಿಂದ ಒಂದು ಚಮಚ ಇಂಜಿನ್ ಎಣ್ಣೆ ಬಿಡಿ. ಇಂಜೆಕ್ಟರ್ ವಾಪಸ್ ಕೂರಿಸಿ ಮತ್ತೆ ತಿರುಗಿಸಿ. ಈಗ ತಡೆ ಹೆಚ್ಚಿದರೆ ಸವೆದಿದ್ದು ರಿಂಗ್ ಮತ್ತು ಲೈನರ್. ಏನೂ ಬದಲಾಗದಿದ್ದರೆ ವಾಲ್ವ್ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ವಾಲ್ವ್ ಗ್ರೈಂಡಿಂಗ್ ಕಡಿಮೆ ಖರ್ಚಿನ ಕೆಲಸ. ಇಷ್ಟು ಮಾಡಿಕೊಂಡು ಹೋದರೆ ಮಿಸ್ತ್ರಿ ಜೊತೆ ಮಾತಾಡುವಾಗ ನಿಮಗೂ ಧೈರ್ಯ ಇರುತ್ತದೆ.

ಡೀಸೆಲ್ ಜಾಸ್ತಿ ಕುಡಿಯುತ್ತಿದೆ ಅನ್ನಿಸುತ್ತದೆ. ಅದನ್ನು ಲೆಕ್ಕಕ್ಕೆ ಹೇಗೆ ತರುವುದು?

ಟ್ಯಾಂಕ್ ಪೂರ್ತಿ ತುಂಬಿ. ಪೂರ್ತಿ ನೀರು ಎತ್ತುತ್ತಾ ಎರಡು ಗಂಟೆ ಓಡಿಸಿ. ಆಮೇಲೆ ಅಳತೆ ಕ್ಯಾನಿನಿಂದ ಮತ್ತೆ ಅದೇ ಮಟ್ಟಕ್ಕೆ ತುಂಬಿ. ಹಾಕಿದ್ದರ ಅರ್ಧ ಅಂದರೆ ಗಂಟೆಗೆ ಕುಡಿದ ಡೀಸೆಲ್.

5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಚೆನ್ನಾಗಿರುವ ಸಣ್ಣ ಡೀಸೆಲ್ ಇಂಜಿನ್ ಒಂದು ಕಿಲೋವ್ಯಾಟ್‌ಗೆ ಗಂಟೆಗೆ 250 ಗ್ರಾಂ ಆಸುಪಾಸು ಡೀಸೆಲ್ ತಿನ್ನುತ್ತದೆ. ಹಾಗಾಗಿ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 925 ಗ್ರಾಂ, ಅಂದರೆ 1.1 ಲೀಟರ್. ನಿಮ್ಮದು ಒಂದೂವರೆ ಲೀಟರ್ ಕುಡಿಯುತ್ತಿದೆ ಅಂದುಕೊಳ್ಳಿ. ಗಂಟೆಗೆ 0.4 ಲೀಟರ್ ಸುಮ್ನೆ ಹೋಗುತ್ತಿದೆ.

ಈಗ ಓಡಿಸುವ ಗಂಟೆಯಿಂದ ಗುಣಿಸಿ. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿಯೋಣ. ವರ್ಷಕ್ಕೆ 200 ಗಂಟೆ ಓಡಿಸುವವರಿಗೆ 80 ಲೀಟರ್, 7,200 ರೂಪಾಯಿ ನಷ್ಟ. 800 ಗಂಟೆ ಓಡಿಸುವವರಿಗೆ 320 ಲೀಟರ್, 28,800 ರೂಪಾಯಿ. ಇಂಜಿನ್ ಅದೇ, ರೋಗವೂ ಅದೇ. ಮೊದಲನೆಯವರು ನೋಜಲ್ ಸರಿ ಮಾಡಿಸಿ ಒಂದೆರಡು ವರ್ಷ ದೂಡಬಹುದು. ಎರಡನೆಯವರಿಗೆ ಕಾಯುವುದೇ ದುಬಾರಿ. ಅವರು ಪೂರ್ತಿ ಓವರ್‌ಹಾಲ್ (ಇಂಜಿನ್ ಬಿಚ್ಚಿ ಸವೆದದ್ದೆಲ್ಲ ಬದಲಿಸುವುದು) ಮಾಡಿಸಬೇಕು, ಇಲ್ಲವೇ ಬೇರೆ ದಾರಿ ಹಿಡಿಯಬೇಕು.

ಅಂಗಡಿಯಲ್ಲಿ ಇಂಜಿನ್ನಿನ ಬೆಲೆ ಕೇಳುವಾಗ ನಾವು ತುಂಬಾ ಚೌಕಾಸಿ ಮಾಡುತ್ತೇವೆ. ಆದರೆ ಜಾಸ್ತಿ ಓಡುವ ಇಂಜಿನ್ ತನ್ನ ಬೆಲೆಗಿಂತ ಜಾಸ್ತಿ ದುಡ್ಡಿನ ಡೀಸೆಲ್ಲನ್ನು ಒಂದೇ ವರ್ಷದಲ್ಲಿ ಕುಡಿಯಬಹುದು. ಚೌಕಾಸಿ ಅಲ್ಲಿ ಬೇಕು.

‘ಬರೀ ರಿಂಗ್ ಹಾಕಿದರೆ ಸಾಕು’ ಅಂತ ಒಬ್ಬ ಮಿಸ್ತ್ರಿ, ‘ಪೂರ್ತಿ ಸೆಟ್ ಬೇಕು’ ಅಂತ ಇನ್ನೊಬ್ಬರು. ಯಾರನ್ನು ನಂಬಲಿ?

ಅಳತೆಯನ್ನು ನಂಬಿ. ಲೈನರಿನ ಒಳಗೆ ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಪ್ರತಿ ಕಡೆ ಅಡ್ಡ ಒಮ್ಮೆ, ಉದ್ದ ಒಮ್ಮೆ. ಮೇಲಿನ ರಿಂಗ್ ಬಂದು ನಿಲ್ಲುವ ಜಾಗದಲ್ಲಿ ಸವೆತ ಜಾಸ್ತಿ ಇರುತ್ತದೆ. ಅಲ್ಲಿ ಉಗುರು ಆಡಿಸಿದರೆ ಮೆಟ್ಟಿಲಿನ ಹಾಗೆ ತಡೆಯುತ್ತಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ. ಹೊಸ ರಿಂಗ್ ಹಳೆ, ಅಂಡಾಕಾರದ ಲೈನರಿನಲ್ಲಿ ಕೂರುವುದಿಲ್ಲ. ಒಂದೇ ಹಂಗಾಮಿನಲ್ಲಿ ನೀಲಿ ಹೊಗೆ ವಾಪಸ್ ಬರುತ್ತದೆ. ಕೂಲಿ ಎರಡು ಸಲ ಕೊಟ್ಟಂತಾಗುತ್ತದೆ.

ನಮ್ಮ ಕಡೆ ಹೆಚ್ಚು ಕಾಣುವ ಕಿರ್ಲೋಸ್ಕರ್ ಎವಿ1 ಇಂಜಿನ್‌ನಲ್ಲಿ ಲೈನರ್ ಬದಲಿಸಲು ಬರುತ್ತದೆ. 80 ಮಿಲಿಮೀಟರ್ ಬೋರ್, 110 ಮಿಲಿಮೀಟರ್ ಸ್ಟ್ರೋಕ್, 1500 ಸುತ್ತಿಗೆ 5 ಎಚ್‌ಪಿ. ಲೈನರ್, ಪಿಸ್ಟನ್, ಪಿನ್, ರಿಂಗ್ ಎಲ್ಲ ಒಂದೇ ಡಬ್ಬಿಯಲ್ಲಿ ಸೆಟ್ಟಾಗಿ ಸಿಗುತ್ತವೆ. ಬ್ಲಾಕಿಗೆ ಬೋರ್ ಹೊಡೆಸುವ ಗೋಜಿಲ್ಲ. ಇಂಥ ಇಂಜಿನ್ ಅಷ್ಟು ಸುಲಭಕ್ಕೆ ಕೈಬಿಡಬಾರದು ಅನ್ನುವುದು ಇದಕ್ಕೇ. ಒಂದೇ ಮಾದರಿ ದಶಕಗಟ್ಟಲೆ ನಡೆದು ಬಂದಿದ್ದರಿಂದ ಸ್ಪೇರ್ ತಾಲೂಕು ಅಂಗಡಿಗಳಲ್ಲೂ ಸಿಗುತ್ತದೆ. ಅಂದ ಹಾಗೆ, ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಅವರ ಮೊದಲ ಅಂಗಡಿ ಬೆಳಗಾವಿಯಲ್ಲೇ ಇದ್ದ ಸೈಕಲ್ ಅಂಗಡಿ.

ಕ್ರ್ಯಾಂಕ್ ಎಷ್ಟು ಸಲ ಗ್ರೈಂಡ್ ಮಾಡಿಸಬಹುದು?

ಗ್ರೈಂಡ್ ಮಾಡಿದಷ್ಟೂ ಕ್ರ್ಯಾಂಕ್ ತೆಳ್ಳಗಾಗುತ್ತದೆ. ಅದಕ್ಕೆ ಹೊಂದುವ ಬೇರಿಂಗ್ ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಅಂಡರ್‌ಸೈಜಿನಲ್ಲಿ ಬರುತ್ತವೆ. ಪ್ರತಿ ಸಲ ಒಂದು ಹೆಜ್ಜೆ. ಈಗ ಕ್ರ್ಯಾಂಕ್ ಯಾವ ಹೆಜ್ಜೆಯಲ್ಲಿದೆ ಅನ್ನುವುದು ಹಳೆ ಬೇರಿಂಗಿನ ಹಿಂಬದಿಯಲ್ಲಿ ಒತ್ತಿರುತ್ತದೆ. ಇಂಜಿನ್ ಬಿಚ್ಚಿದ ದಿನ ಅದನ್ನು ನೀವೇ ಕೈಯಲ್ಲಿ ಹಿಡಿದು ಓದಿ. ‘ಸ್ಟ್ಯಾಂಡರ್ಡ್’ ಇದ್ದರೆ ಖುಷಿಪಡಿ, ಇಂಜಿನ್ ಇನ್ನೂ ಯುವಕ. ಕೊನೆ ಹೆಜ್ಜೆಯಲ್ಲಿದ್ದು ಮತ್ತೆ ಸವೆದಿದ್ದರೆ ಕ್ರ್ಯಾಂಕ್ ಬದಲಿಸಬೇಕು. ಅಲ್ಲಿಗೆ ರಿಪೇರಿ ಖರ್ಚು ಜಿಗಿಯುತ್ತದೆ.

ಗ್ರೈಂಡಿಂಗ್ ಆದ ಮೇಲೆ ಮೂಲೆಯ ಗುಂಡನೆ ಅಂಚು ಉಳಿಸಿದ್ದಾರಾ ನೋಡಿ. ಅಲ್ಲಿ ಚೂಪಾಗಿ ಕತ್ತರಿಸಿದ್ದರೆ ಕ್ರ್ಯಾಂಕ್ ಅಲ್ಲಿಂದಲೇ ಸೀಳುತ್ತದೆ. ಒಳ್ಳೆ ಲೇತ್ ಅಂಗಡಿಯವರು ಮೈಕ್ರೋಮೀಟರ್ ಅಳತೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕೇಳಿ ಪಡೆಯಿರಿ.

ಬ್ಲಾಕ್ ಸೀಳು ಬಿಟ್ಟಿದೆ. ವೆಲ್ಡಿಂಗ್ ಮಾಡಿಸಿದರೆ ನಡೆಯುತ್ತದಾ?

ನೀರಿನ ಜಾಕೆಟ್ಟಿನ, ಅಂದರೆ ಸಿಲಿಂಡರ್ ಸುತ್ತ ತಣಿಸುವ ನೀರು ಹರಿಯುವ ಜಾಗದ, ಹೊರಗೋಡೆಯ ಸಣ್ಣ ಸೀಳಾದರೆ ಬೀಡು ಕಬ್ಬಿಣದ ವೆಲ್ಡಿಂಗ್ ಬಲ್ಲವರ ಹತ್ತಿರ ಮಾಡಿಸಬಹುದು. ಮೇನ್ ಬೇರಿಂಗ್ ಕೂರುವ ಜಾಗದಲ್ಲೋ, ಲೈನರ್ ಕೂರುವ ಅಂಚಿನಲ್ಲೋ ಸೀಳಿದ್ದರೆ ಬೇಡ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದು ಹೊರಗೆ ಬಂದಿದ್ದರಂತೂ ಮಾತೇ ಇಲ್ಲ, ಹೊಸದು ತನ್ನಿ.

ರಿಪೇರಿ ಎಸ್ಟಿಮೇಟ್ ಎಷ್ಟು ದಾಟಿದರೆ ಹೊಸದು ತರಬೇಕು?

ಹೊಸ ಇಂಜಿನ್ ಬೆಲೆಯ ಅರ್ಧ ದಾಟಿದರೆ ನಿಂತು ಯೋಚಿಸಿ ಅನ್ನುವುದು ರೂಢಿಯ ಮಾತು. ನಾನೂ ಅದನ್ನೇ ಹೇಳುತ್ತೇನೆ, ಆದರೆ ಲೆಕ್ಕ ಸರಿಯಾಗಿ ಇಡಿ. ಎಸ್ಟಿಮೇಟಿನಲ್ಲಿ ಸ್ಪೇರ್, ಲೇತ್ ಕೆಲಸ, ಫ್ಯೂಯೆಲ್ ಪಂಪ್ ಮತ್ತು ನೋಜಲ್ ಕ್ಯಾಲಿಬ್ರೇಶನ್, ಮಿಸ್ತ್ರಿ ಕೂಲಿ, ಸಾಗಾಟ ಎಲ್ಲ ಸೇರಿರಬೇಕು. ಹೊಸದರ ಬದಿಗೆ ಬರೀ ಇಂಜಿನ್ ಬೆಲೆ ಬರೆಯಬೇಡಿ. ಹೊಸ ಬೇಸ್, ಕಪ್ಲಿಂಗ್, ಪೈಪ್ ಬದಲಾವಣೆ ಇದ್ದರೆ ಅದನ್ನೂ ಬರೆಯಿರಿ.

ಎರಡು ಸಂದರ್ಭದಲ್ಲಿ ಈ ಅರ್ಧದ ಮಾತು ಬಿಡಬಹುದು. ಕಳೆದ ಎರಡು ವರ್ಷದಲ್ಲಿ ಪದೇ ಪದೇ ಸಣ್ಣ ರಿಪೇರಿಗೆ ಸುರಿದಿದ್ದರೆ ಅರ್ಧಕ್ಕಿಂತ ಕಡಿಮೆ ಇದ್ದರೂ ಹೊಸದರ ಕಡೆ ನೋಡಿ. ಇನ್ನು, ಕ್ರ್ಯಾಂಕ್ ಸ್ಟ್ಯಾಂಡರ್ಡ್ ಇದ್ದು, ಮಿಸ್ತ್ರಿ ಗಟ್ಟಿಗರಾಗಿದ್ದರೆ ಅರ್ಧ ಸ್ವಲ್ಪ ದಾಟಿದರೂ ರಿಪೇರಿಯೇ ಲೇಸು. ಹಳೆ ಎರಕದ ಇಂಜಿನ್ ತೂಕದ್ದು, ಅಲುಗಾಟ ಕಡಿಮೆ, ವರ್ಷಗಟ್ಟಲೆ ಬಾಳುತ್ತದೆ.

ಎರಡು ದೊಡ್ಡ ಚಕ್ರದ, ನಿಧಾನಕ್ಕೆ ಓಡುವ ಹಳೆ ಇಂಜಿನ್ ಇದೆ. ಅದಕ್ಕೂ ಇದೇ ಲೆಕ್ಕವಾ?

ಅದು ಲಿಸ್ಟರ್ ಮಾದರಿ. 6 ಎಚ್‌ಪಿಯದು ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುತ್ತದೆ. 300 ಕಿಲೋಗಿಂತ ಜಾಸ್ತಿ ತೂಕ. ಅದರ ಸ್ಪೇರ್ ಗುಜರಾತಿನ ರಾಜಕೋಟದಿಂದ ಬರುತ್ತವೆ. ಒಳ್ಳೆ ಲೇತ್ ಇರುವ ಊರಿನಲ್ಲಿ ಅದನ್ನು ಎಷ್ಟು ಸಲ ಬೇಕಾದರೂ ಎಬ್ಬಿಸಬಹುದು. ಬಾವಿಯ ದಂಡೆಯಲ್ಲಿ ಕಾಂಕ್ರೀಟ್ ಮೇಲೆ ಕೂತಿದ್ದರೆ ಉಳಿಸಿಕೊಳ್ಳಿ. ಹೊಳೆ ಇಳಿದಂತೆ ಎಳೆದಾಡಬೇಕು ಅಂದರೆ ಅಷ್ಟು ತೂಕ ನಿಮಗೆ ಹೊರೆ.

ಕಳೆದ ಪ್ರವಾಹದಲ್ಲಿ ಇಂಜಿನ್ ಮುಳುಗಿತ್ತು. ಅದು ಮುಗಿದ ಕತೆಯಾ?

ಅಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಯ ದಂಡೆಯ ಹೊಲಗಳೆಲ್ಲ ನೀರಿನಡಿ ಹೋದವು. ಅಂಥ ಹೊತ್ತಿನಲ್ಲಿ ಇಂಜಿನ್ನನ್ನು ಕೆಡಿಸುವುದು ನೀರಿಗಿಂತ ಹೆಚ್ಚಾಗಿ ನೀರಿಳಿದ ಮೇಲಿನ ಅವಸರ ಮತ್ತು ಆಲಸ್ಯ.

ಅವಸರ ಅಂದರೆ, ಹೊರಗೆ ತಂದ ಕೂಡಲೇ ಹ್ಯಾಂಡಲ್ ಹೊಡೆಯುವುದು. ಸಿಲಿಂಡರಿನಲ್ಲಿ ನೀರು ತುಂಬಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೆ ಮೊದಲು ಇಂಜೆಕ್ಟರ್ ಬಿಚ್ಚಿ. ಏರ್ ಫಿಲ್ಟರ್, ಸೈಲೆನ್ಸರ್ ತೆಗೆಯಿರಿ. ಸಂಪಿನ (ಇಂಜಿನ್ ತಳದ ತೊಟ್ಟಿಯ) ಎಣ್ಣೆ, ಟ್ಯಾಂಕಿನ ಡೀಸೆಲ್, ಫಿಲ್ಟರ್ ಎಲ್ಲ ಖಾಲಿ ಮಾಡಿ. ಹೊರಗಿನ ಕೆಸರು ತೊಳೆಯಿರಿ. ಆಮೇಲೆ ನಿಧಾನಕ್ಕೆ ಕೈಯಿಂದ ತಿರುಗಿಸಿದರೆ ನೀರು ಇಂಜೆಕ್ಟರ್ ತೂತಿನಿಂದ ಹೊರಬರುತ್ತದೆ. ಮುಖ ಅದರ ಎದುರಿಗೆ ಇರದಿರಲಿ. ಸಿಲಿಂಡರಿಗೆ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಬಿಟ್ಟು ಮತ್ತೆ ತಿರುಗಿಸಿ. ಸಂಪಿಗೆ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಆ ಎಣ್ಣೆ ತೆಗೆದು ಮತ್ತೆ ಹೊಸದು ಹಾಕಿ. ಎಣ್ಣೆಯ ಮಜ್ಜಿಗೆ ಬಣ್ಣ ಪೂರ್ತಿ ಹೋಗುವ ತನಕ ಇದನ್ನೇ ಮಾಡಬೇಕು. ಫ್ಯೂಯೆಲ್ ಪಂಪ್ ಮತ್ತು ನೋಜಲ್ಲನ್ನು ಕ್ಯಾಲಿಬ್ರೇಶನ್ ಅಂಗಡಿಗೆ ಕೊಡಿ. ಅವುಗಳ ಒಳಗೆ ಕೂದಲೆಳೆಗಿಂತ ಸಣ್ಣ ಸಂದಿ ಇರುತ್ತದೆ, ಮಣ್ಣಿನ ಕಣ ಸೇರಿದರೆ ಕೆಲಸ ಕೆಟ್ಟಂತೆ.

ಆಲಸ್ಯ ಅಂದರೆ, ದೀಪಾವಳಿ ಆದ ಮೇಲೆ ನೋಡೋಣ ಅಂತ ಬಿಡುವುದು. ಲೈನರ್ ಕೆಲವೇ ದಿನದಲ್ಲಿ ತುಕ್ಕು ಹಿಡಿಯುತ್ತದೆ, ರಿಂಗ್ ಕಚ್ಚಿಕೊಳ್ಳುತ್ತದೆ. ಹಾಗೆ ಬಿಟ್ಟ ಇಂಜಿನ್ನಿನಲ್ಲೂ ಬ್ಲಾಕ್ ಚೆನ್ನಾಗಿಯೇ ಇರುತ್ತದೆ. ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ನಯ ಭಾಗ) ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಗ್ರೈಂಡಿಂಗಿನಲ್ಲಿ ಹೋಗುತ್ತದೆಯಾ ಅಂತ ಲೇತಿನಲ್ಲಿ ಕೇಳಿ. ಹೋಗುತ್ತದೆ ಅಂದರೆ ರಿಪೇರಿ ಮಾಡಿಸಿ.

ತಣ್ಣಗೆ ಓಡಿದಷ್ಟು ಇಂಜಿನ್ನಿಗೆ ಒಳ್ಳೆಯದು ಅಲ್ವಾ?

ಇದು ನಮ್ಮ ಕಡೆ ಬಲವಾಗಿ ಕೂತ ತಪ್ಪು ನಂಬಿಕೆ. ಪಂಪಿನ ಡೆಲಿವರಿಯಿಂದ ಒಂದು ಕೊಳವೆ ತೆಗೆದು ಹೊಳೆ ನೀರನ್ನೇ ಇಂಜಿನ್ನಿನ ಮೈಯೊಳಗೆ ಭರ್ತಿ ಹರಿಸುತ್ತೇವೆ. ಹೊರಬರುವ ನೀರು ಉಗುರು ಬೆಚ್ಚಗೂ ಇರುವುದಿಲ್ಲ. ಅಷ್ಟು ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಗೋಡೆಗೆ ಅಂಟಿ ಎಣ್ಣೆ ತೊಳೆದುಬಿಡುತ್ತದೆ, ಹೊಗೆಯಲ್ಲಿನ ಆಮ್ಲ ಲೈನರ್ ತಿನ್ನುತ್ತದೆ. ಡೀಸೆಲ್ಲೂ ಜಾಸ್ತಿ, ಸವೆತವೂ ಜಾಸ್ತಿ.

ಹೊರಬರುವ ನೀರು 60–70 ಡಿಗ್ರಿ ಇರಬೇಕು. ಕೈ ಹಿಡಿದರೆ ಕೂಡಲೇ ತೆಗೆಯುವಷ್ಟು ಬಿಸಿ. ಆ ಕೊಳವೆಗೆ ಒಂದು ಕಾಕ್ ಹಾಕಿ ನೀರು ಕಡಿಮೆ ಮಾಡಿದರೆ ಆಯಿತು. ಮಳೆಗಾಲದ ಕೆಂಪು ನೀರು ಹರಿಸಿದ್ದರೆ ಜಾಕೆಟ್ಟಿನ ಒಳಗೆ ಹೂಳು ಕೂತಿರುತ್ತದೆ. ವರ್ಷಕ್ಕೊಮ್ಮೆ ತೆಗೆದು ತೊಳೆಯಿರಿ. ರಿಪೇರಿ ಮಾಡಿಸಿದ ಇಂಜಿನ್ನೂ ಎರಡೇ ವರ್ಷದಲ್ಲಿ ಮತ್ತೆ ಸೋಲುವುದು ಹೆಚ್ಚಾಗಿ ಈ ಕಾರಣಕ್ಕೆ. ಹೊಸದು ತಂದರೂ ಈ ಕೊಳವೆ ಹೀಗೇ ಇದ್ದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಸ್ಪೇರ್ ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಕಂಪನಿಯ ಡೀಲರ್ ಹತ್ತಿರ, ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಬೇರಿಂಗ್, ರಿಂಗ್, ನೋಜಲ್ ಈ ಮೂರರಲ್ಲಿ ಮಾತ್ರ ರಾಜಿ ಬೇಡವೇ ಬೇಡ. ಗ್ಯಾಸ್ಕೆಟ್, ಪೈಪ್, ಫಿಲ್ಟರ್ ಡಬ್ಬಿಯಂಥವು ಬೇರೆ ಒಳ್ಳೆ ಕಂಪನಿಯವಾದರೂ ನಡೆಯುತ್ತವೆ. ಹಳೆ ಭಾಗಗಳನ್ನು ಮಿಸ್ತ್ರಿಯಿಂದ ವಾಪಸ್ ಪಡೆಯಿರಿ.

ಇಬ್ಬರು ಎತ್ತಿಕೊಂಡು ಹೋಗುವಂಥ ಹಗುರ ಪಂಪ್‌ಸೆಟ್ ಬಂದಿವೆ. ಹೊಸದು ತರುವುದಾದರೆ ಅದೇ ತರಲಾ?

ನಿಮ್ಮ ಕೆಲಸ ಸ್ವಲ್ಪವೇ ಇದ್ದರೆ ತನ್ನಿ. ಹೊಳೆ ಇಳಿದಂತೆ ಹೊತ್ತೊಯ್ಯಬಹುದು, ಪ್ರವಾಹ ಬಂದರೆ ಮನೆಗೆ ತರಬಹುದು. ಆದರೆ ಅವು 3000 ಸುತ್ತಿನ ಆಸುಪಾಸಿನಲ್ಲಿ ಓಡುತ್ತವೆ, ಗಾಳಿಯಿಂದ ತಣಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ದಿನಕ್ಕೆ ಎಂಟು ಗಂಟೆ ಕಬ್ಬಿಗೆ ನೀರು ಬಿಡುವ ಕೆಲಸಕ್ಕೆ ಅವು ತಾಳುವುದಿಲ್ಲ. ಅದಕ್ಕೆ 1500 ಸುತ್ತಿನ, ನೀರಿನಿಂದ ತಣಿಯುವ ಇಂಜಿನ್ನೇ ಸರಿ.

ಹೊಸ ಡೀಸೆಲ್ ಇಂಜಿನ್ ಬದಲು ಕರೆಂಟ್ ಅಥವಾ ಸೋಲಾರ್ ಪಂಪ್?

ವರ್ಷಕ್ಕೆ 500 ಗಂಟೆಗಿಂತ ಜಾಸ್ತಿ ಓಡಿಸುವವರಿಗೆ ನಾನು ಮೊದಲು ಈ ಪ್ರಶ್ನೆಯನ್ನೇ ಕೇಳುತ್ತೇನೆ. ವಿದ್ಯುತ್ ಕಂಪನಿ ಜೆಸ್ಕಾಂನ ಲೈನ್ ಹೊಲದ ಹತ್ತಿರ ಇದ್ದು ಸಂಪರ್ಕ ಸಿಗುವಂತಿದ್ದರೆ, 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟ್ ಉಚಿತ. ಅದರ ಮುಂದೆ ಡೀಸೆಲ್ ನಿಲ್ಲುವುದಿಲ್ಲ. ತೊಂದರೆ ಏನೆಂದರೆ ತ್ರೀ ಫೇಸ್ ಸಿಗುವುದು ದಿನದ ಕೆಲವು ಗಂಟೆ ಮಾತ್ರ.

ಸೋಲಾರಿಗೆ 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆ ಇದೆ. ಅದರ ಬಿ ಘಟಕದಲ್ಲಿ ಗ್ರಿಡ್ ಇಲ್ಲದ ಕಡೆ 7.5 ಎಚ್‌ಪಿವರೆಗಿನ ಪಂಪಿಗೆ ಕೇಂದ್ರ ಸರ್ಕಾರ ಶೇ 30ರಷ್ಟು ಸಬ್ಸಿಡಿ ಕೊಡುತ್ತದೆ, ರಾಜ್ಯದ ಪಾಲು ಬೇರೆ. ನಮ್ಮ ಬಿಸಿಲಿಗೆ ಸೋಲಾರ್ ಚೆನ್ನಾಗಿ ಹೊಂದುತ್ತದೆ. ಆದರೆ ಹೊಳೆಯ ಅಂಚಿನಲ್ಲಿ ಪ್ಯಾನೆಲ್ ನಿಲ್ಲಿಸಬೇಡಿ. ಪ್ರವಾಹದ ಗೆರೆಗಿಂತ ಮೇಲೆ ನಿಲ್ಲಿಸಬೇಕು.

ಈ ಎರಡರಲ್ಲಿ ಯಾವುದು ಬಂದರೂ ಹಳೆ ಇಂಜಿನ್ನನ್ನು ಕಡಿಮೆ ಖರ್ಚಿನಲ್ಲಿ ಸರಿ ಮಾಡಿಸಿ ಪಕ್ಕದಲ್ಲಿ ಇಟ್ಟುಕೊಳ್ಳಿ. ತೊಗರಿ ಹೂವಿನ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದೇ ಬೆಳೆ ಉಳಿಸುತ್ತದೆ.

ಹೊಸ ಡೀಸೆಲ್ ಪಂಪ್‌ಸೆಟ್ಟಿಗೆ ಸಬ್ಸಿಡಿ ಇದೆಯಾ?

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ 90ರವರೆಗೆ ಸಹಾಯಧನದ ವ್ಯವಸ್ಥೆ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಬೇಕು. ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ. ಮಂಜೂರಾಗುವ ಮೊದಲೇ ಕೊಂಡುಬಿಟ್ಟು ಆಮೇಲೆ ಬಿಲ್ ಹಿಡಿದು ಹೋಗಬೇಡಿ. ನಿಮಗೆ ಶೇ 90 ಸಿಗುವಂತಿದ್ದರೆ ದೊಡ್ಡ ರಿಪೇರಿಗೆ ಕೈ ಹಾಕುವ ಮುಂಚೆ ಅರ್ಜಿ ಕೊಡಿ. ಲೆಕ್ಕ ಪೂರ್ತಿ ಬದಲಾಗುತ್ತದೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ಕೊಳ್ಳಬಹುದಾ?

ತಣ್ಣಗಿರುವಾಗ ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ನಂಬರ್ ಪ್ಲೇಟ್ ಇರಬೇಕು. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಹತ್ತಿರ ಕೈ ಹಿಡಿದು ನೋಡಿ. ಭರ್ರನೆ ಹೊಗೆ ಉಗುಳುತ್ತಿದ್ದರೆ ರಿಂಗ್ ಹೋಗಿದೆ. ಹೊಸ ಬಣ್ಣ ಹೊಡೆದದ್ದಕ್ಕಿಂತ ಎಣ್ಣೆ ಜಿಡ್ಡಿನ ಹಳೆ ಮೈಯೇ ನಂಬಿಕೆಗೆ ಲೇಸು. ಸೋರಿಕೆ ಎಲ್ಲಿದೆ ಅಂತ ಅದರಲ್ಲಿ ಕಾಣುತ್ತದೆ.

ರಿಪೇರಿಗೆ ಯಾವಾಗ ಇಳಿಸಬೇಕು?

ಆಷಾಢ, ಶ್ರಾವಣದಲ್ಲಿ. ಮಳೆ ಇರುತ್ತದೆ, ನೀರೆತ್ತುವ ಕೆಲಸ ಇರುವುದಿಲ್ಲ, ಲೇತ್ ಅಂಗಡಿಯಲ್ಲೂ ಸಾಲು ಕಡಿಮೆ. ಅಕ್ಟೋಬರಿನಲ್ಲಿ ಕೆಟ್ಟ ಮೇಲೆ ಇಳಿಸಿದರೆ ಹೇಳಿದ ಬೆಲೆ ಕೊಡಬೇಕು, ಸಿಕ್ಕ ಸ್ಪೇರ್ ಹಾಕಿಸಬೇಕು. ಅವಸರದ ದಿನ ಹೊಸದು ಕೊಳ್ಳುವುದೂ ಅಷ್ಟೇ ಕೆಟ್ಟದ್ದು. ಅಂಥ ಹೊತ್ತಿನಲ್ಲಿ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ, ಪಕ್ಕದ ಹೊಲದವರಿಂದಲೋ ಬಾಡಿಗೆಗೆ ಪಂಪ್ ತಂದು ಹಂಗಾಮು ದಾಟಿಸಿ. ಟ್ರ್ಯಾಕ್ಟರಿನ ಹಿಂಬದಿಯ ತಿರುಗುವ ಶಾಫ್ಟಿಗೆ (ಪಿಟಿಒ) ಪಂಪ್ ಜೋಡಿಸಿಯೂ ನೀರೆತ್ತಬಹುದು. ಡೀಸೆಲ್ ಜಾಸ್ತಿ ಆಗುತ್ತದೆ, ಆದರೆ ನಾಲ್ಕಾರು ದಿನಕ್ಕೆ ತಪ್ಪಿಲ್ಲ.

ಓವರ್‌ಹಾಲ್ ಆದ ಮೇಲೆ ಏನು ಜಾಗ್ರತೆ?

ಮೊದಲ ದಿನಗಳಲ್ಲಿ ಅರ್ಧ ಲೋಡಿನಲ್ಲಿ ಓಡಿಸಿ. ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿದರೆ ಸೆಂಟ್ರಿಫ್ಯೂಗಲ್ ಪಂಪಿನ ಲೋಡ್ ಇಳಿಯುತ್ತದೆ. ಸುಮಾರು 50 ಗಂಟೆಗೆ ಮೊದಲ ಎಣ್ಣೆ ತೆಗೆಯಿರಿ, ಲೋಹದ ಪುಡಿ ಅದರಲ್ಲಿ ಬರುತ್ತದೆ. ಹೆಡ್ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಪಾನಾದಿಂದ ಬಿಗಿ ಮಾಡಿಸಿ, ಟ್ಯಾಪೆಟ್ ಸಂದಿ ನೋಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ಓಡಿದ ಗಂಟೆ, ಹಾಕಿದ ಡೀಸೆಲ್, ಎಣ್ಣೆ ಬದಲಿಸಿದ ದಿನ ಬರೆದಿಡಿ. ಮುಂದಿನ ಸಲ ಇದೇ ಪ್ರಶ್ನೆ ಬಂದಾಗ ಮಿಸ್ತ್ರಿಗಿಂತ ಚೆನ್ನಾಗಿ ಆ ನೋಟ್‌ಬುಕ್ ಉತ್ತರ ಕೊಡುತ್ತದೆ.

ಹೊಸದು ತಂದಾಯಿತು. ಹಳೆ ಇಂಜಿನ್ ಗುಜರಿಗೆ ಹಾಕಲಾ?

ತೂಕಕ್ಕೆ ಮಾರುವ ಮೊದಲು ಒಳಗೆ ಏನು ಉಳಿದಿದೆ ನೋಡಿ. ಫ್ಲೈವ್ಹೀಲ್, ಹೆಡ್, ಕ್ಯಾಮ್‌ಶಾಫ್ಟ್, ಗೇರ್, ಫ್ಯೂಯೆಲ್ ಪಂಪ್ ಚೆನ್ನಾಗಿದ್ದರೆ ಅದೇ ಮಾದರಿಯ ಇಂಜಿನ್ ಇಟ್ಟುಕೊಂಡವರು ಗುಜರಿ ಅಂಗಡಿಗಿಂತ ಒಳ್ಳೆ ಬೆಲೆ ಕೊಡುತ್ತಾರೆ. ಊರಿನ ಮಿಸ್ತ್ರಿಗೆ ಹೇಳಿಟ್ಟರೆ ಸಾಕು, ಗಿರಾಕಿ ತಾನಾಗೇ ಬರುತ್ತಾರೆ. ಹೊಸ ಇಂಜಿನ್ ಅದೇ ಮಾದರಿಯದಾಗಿದ್ದರೆ ಹೆಡ್ ಮತ್ತು ಫ್ಯೂಯೆಲ್ ಪಂಪನ್ನು ಎಣ್ಣೆ ಸವರಿ, ಚೀಲ ಕಟ್ಟಿ ನೀವೇ ಇಟ್ಟುಕೊಳ್ಳಿ. ಸಂಪಿನ ಎಣ್ಣೆಯನ್ನು ಮಾತ್ರ ಹೊಳೆಗೂ ಹೊಲಕ್ಕೂ ಸುರಿಯಬೇಡಿ. ಕ್ಯಾನಿಗೆ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.